ಅರ್ಧ ಕಿಲೋ ತೂಕಕ್ಕೆ ಅರ್ಧ ವರ್ಷ: ಸಿಗ್ ಸಾವರ್ ಪಿ365 ಮತ್ತು ಅದನ್ನು ಮಾರಿದ ಅಂಗಡಿ

ನಾನು ಟೆಕ್ಸಸ್‌ನಲ್ಲಿ, ಡಲ್ಲಾಸ್‌ಗೆ ಉತ್ತರದ ಒಂದು ಊರಿನಲ್ಲಿ ಫಾರ್ಮಸಿಸ್ಟ್. "ಸದ್ಯ ಸ್ಟಾಕ್ ಇಲ್ಲ, ಯಾವಾಗ ಬರುತ್ತದೆಂದು ಹೇಳಲಾಗದು, ಹೆಸರು ಬರೆಸಿ ಹೋಗಿ" ಎನ್ನುವುದು ನಾನು ದಿನಕ್ಕೆ ಹತ್ತು ಸಲ ಆಡುವ ಮಾತು. 2018ರ ಫೆಬ್ರುವರಿಯ ಒಂದು ಶನಿವಾರ ಇದೇ ಮಾತನ್ನು, ಇದೇ ಕ್ರಮದಲ್ಲಿ, ಬಂದೂಕಿನ ಅಂಗಡಿಯೊಂದರ ಗಾಜಿನ ಕೌಂಟರಿನ ಆಚೆ ನಿಂತಿದ್ದ ಬಿಳಿ ಗಡ್ಡದ ಹಿರಿಯರೊಬ್ಬರು ನನಗೆ ಹೇಳಿದರು. ರೂಲು ಹಾಕಿದ ಪುಸ್ತಕ ತೆರೆದು ನನ್ನ ಹೆಸರು ಬರೆದುಕೊಂಡರು. ನನ್ನದು 14ನೆಯದು.

ಕೇಳಿದ್ದು ಸಿಗ್ ಸಾವರ್ ಕಂಪನಿಯ ಪಿ365 ಪಿಸ್ತೂಲು. ಆ ವರ್ಷದ ಜನವರಿಯಲ್ಲಷ್ಟೇ ಅದನ್ನು ಘೋಷಿಸಿದ್ದರು. ವರ್ಷದ 365 ದಿನವೂ ಜೊತೆಗಿರಲಿ ಎಂಬುದು ಹೆಸರಿನ ಹಿಂದಿನ ಲೆಕ್ಕ. ಘೋಷಣೆಯಾದ ತಿಂಗಳೊಳಗೆ ನಮ್ಮ ಸುತ್ತಲಿನ ಯಾವ ಅಂಗಡಿಯಲ್ಲೂ ಅದು ಕಾಣಲಿಲ್ಲ. ನಾನು ರಾತ್ರಿ ಹತ್ತಕ್ಕೆ ಅಂಗಡಿಯ ಬಾಗಿಲೆಳೆದು ಒಬ್ಬಳೇ ಕಾರಿನವರೆಗೆ ನಡೆಯುವವಳು. ಹಿಂದಿನ ಚಳಿಗಾಲದಲ್ಲಿ ಒಂದು ಕಾರು ನಮ್ಮ ಬೀದಿಯ ತಿರುವಿನವರೆಗೂ ಹಿಂಬಾಲಿಸಿತ್ತು. ಅದಕ್ಕಿಂತ ಹೆಚ್ಚು ವಿವರ ಇಲ್ಲಿ ಬೇಡ.

ಒಂದು ಪಿಸ್ತೂಲಿಗೆ ಇಷ್ಟೊಂದು ನೂಕುನುಗ್ಗಲು ಏಕೆ ಎಂದು ನನ್ನ ಗಂಡ ಕೇಳಿದಾಗ ಮಾತ್ರೆಯ ಡಬ್ಬಿ ತೋರಿಸಿ ವಿವರಿಸಿದ್ದೆ. 9 ಮಿಲಿಮೀಟರ್ ತೋಟಾದ ಹಿಂಬದಿಯ ವ್ಯಾಸ 9.96 ಮಿ.ಮೀ. ತೋಟಾಗಳನ್ನು ಒಂದರ ನೆತ್ತಿಯ ಮೇಲೊಂದು ಪೇರಿಸಿದರೆ ಹಿಡಿಯೊಳಗೆ ಕೂರುವ ತೋಟಾದ ಡಬ್ಬಿ, ಅಂದರೆ ಮ್ಯಾಗಜಿನ್, ತೆಳ್ಳಗಿರುತ್ತದೆ, ಹಿಡಿಯೂ ತೆಳ್ಳಗಾಗುತ್ತದೆ, ಆದರೆ ಹಿಡಿಸುವುದು ಕೆಲವೇ ತೋಟಾ. 2015ರ ಗ್ಲಾಕ್ 43 ಪಿಸ್ತೂಲು ಈ ಬಗೆಯದು, ಆರು ತೋಟಾದ್ದು. ಎರಡು ಸಾಲಾಗಿ ಅಂಕುಡೊಂಕಾಗಿ ಜೋಡಿಸಿದರೆ ಗ್ಲಾಕ್ 19ರಂತೆ ಹದಿನೈದು ಹಿಡಿಸುತ್ತವೆ, ಆಗ ಹಿಡಿ ದಪ್ಪವಾಗಿ ನನ್ನಂಥ ಸಣ್ಣ ಕೈಯವಳ ಹೆಬ್ಬೆರಳು ಸುತ್ತಿಬರಲು ಪರದಾಡುತ್ತದೆ. ಸಿಗ್‌ನವರು ನಡುವಿನ ದಾರಿ ಹಿಡಿದರು. ಎರಡನೆಯ ಸಾಲು ಮೊದಲನೆಯದರ ಸಂದಿಗೆ ಒತ್ತಿ ಕೂರುವಂತೆ, ಮೇಲೆ ಬರುತ್ತ ಒಂದೇ ಸಾಲಾಗಿ ಕಿರಿದಾಗುವಂತೆ ಮ್ಯಾಗಜಿನ್ ರೂಪಿಸಿದರು. ಇಕ್ಕಟ್ಟಾದ ಸೀಸೆಯಲ್ಲಿ ಮಾತ್ರೆಗಳು ತಮ್ಮಷ್ಟಕ್ಕೆ ಒಂದರ ಪಕ್ಕಕ್ಕೊಂದು ಜಾರಿ ಕೂರುವುದನ್ನು ನೋಡಿದವರಿಗೆ ಇದು ಕೂಡಲೇ ಹೊಳೆಯುತ್ತದೆ. ಸುಮಾರು ಒಂದು ಇಂಚು ದಪ್ಪದ ಹಿಡಿಯಲ್ಲಿ ಹತ್ತು ತೋಟಾ, ನಳಿಕೆಯಲ್ಲಿ ಇನ್ನೊಂದು. ಉಳಿದದ್ದೆಲ್ಲ, ನನ್ನ ಲೆಕ್ಕದಲ್ಲಿ, ಈ ತಗಡಿನ ಡಬ್ಬಿಯ ಸುತ್ತ ಕಟ್ಟಿದ ಮನೆ.

ಆ ಹದಿನಾಲ್ಕನೆಯ ಹೆಸರು ಮೇಲೇರಲು ಆರು ತಿಂಗಳಿಗಿಂತ ಸ್ವಲ್ಪ ಹೆಚ್ಚೇ ಹಿಡಿಯಿತು. ಮಾರ್ಚ್‌ನಲ್ಲಿ ಫೋನ್ ಮಾಡಿದರೆ ಎರಡು ಬಂದಿದ್ದವು. ಏಪ್ರಿಲ್‌ನಲ್ಲಿ ಒಂದು. ಮೇ ತಿಂಗಳಲ್ಲಿ ಸೊನ್ನೆ. ವಿತರಕರು ಅಂಗಡಿಗೆ ಇಷ್ಟೇ ಎಂದು ಹಂಚಿಕೊಡುತ್ತಾರೆ, ನಾವು ಬೇಡಿದಷ್ಟು ಬರುವುದಿಲ್ಲ ಎಂದು ಗಡ್ಡದವರು ವಿವರಿಸತೊಡಗಿದಾಗ ನಾನೇ ಅವರ ವಾಕ್ಯ ಮುಗಿಸಿದೆ. ಆ ವರ್ಷ ನನ್ನ ಕೌಂಟರಿನಲ್ಲೂ ಇಂಥದೇ ಒಂದು ಪುಸ್ತಕವಿತ್ತು. ಸರ್ಪಸುತ್ತಿಗೆ ಕೊಡುವ ಶಿಂಗ್ರಿಕ್ಸ್ ಲಸಿಕೆಗೆ 2017ರ ಅಕ್ಟೋಬರ್‌ನಲ್ಲಿ ಅನುಮತಿ ಸಿಕ್ಕಿತ್ತು, 50 ದಾಟಿದವರೆಲ್ಲ ಹಾಕಿಸಿಕೊಳ್ಳಬೇಕೆಂಬ ಶಿಫಾರಸೂ ಬಂದಿತ್ತು. ಬೇಡಿಕೆ ಎಷ್ಟಿತ್ತೆಂದರೆ 2018 ಪೂರ್ತಿ ಅದು ನಮಗೂ ರೇಷನ್ನಿನಂತೆ ಬರುತ್ತಿತ್ತು. ಮೊದಲ ಡೋಸಾದ ಎರಡರಿಂದ ಆರು ತಿಂಗಳೊಳಗೆ ಎರಡನೆಯದು ಆಗಬೇಕು, ಹಾಗಾಗಿ ಎರಡನೆಯ ಡೋಸಿನವರು ಮುಂದೆ, ಉಳಿದವರು ಬರೆಸಿದ ಕ್ರಮದಲ್ಲಿ ಎಂಬುದು ನನ್ನ ನಿಯಮ. ಅದನ್ನು ಮುರಿಯಲು ಎಷ್ಟು ಸಿಹಿ ಪೊಟ್ಟಣ, ಎಷ್ಟು ಕಣ್ಣೀರು, ಎಷ್ಟು "ನಮ್ಮತ್ತೆಗೆ ಮಾತ್ರ" ಬಂದವೋ ಲೆಕ್ಕವಿಟ್ಟಿಲ್ಲ.

ಹಾಗಾಗಿ ಅಂಗಡಿಯವರ ಮೇಲೆ ನಾನು ಕಣ್ಣಿಟ್ಟಿದ್ದು ಒಂದೇ ವಿಷಯಕ್ಕೆ, ಇವರ ಪಟ್ಟಿ ಪಟ್ಟಿಯಾಗಿಯೇ ಉಳಿಯುತ್ತದೆಯೇ ಎಂದು.

ಹೀಗೆ ಕೇಳಲು ಕಾರಣವಿದೆ. ಮೇ ತಿಂಗಳ ಸೊನ್ನೆಯಿಂದ ತಾಳ್ಮೆಗೆಟ್ಟು ಹೆದ್ದಾರಿಯ ಬದಿಯ ಇನ್ನೊಂದು ದೊಡ್ಡ ಅಂಗಡಿಗೆ ಹೋಗಿದ್ದೆ. ಅಲ್ಲೂ ಪಟ್ಟಿಯಿತ್ತು, ನೂರು ಡಾಲರ್ ಮುಂಗಡ ಕಟ್ಟಿ ಬರೆಸಿದೆ. ಮೂರು ವಾರದ ನಂತರ ಹೋದರೆ ಗಾಜಿನ ಕೆಳಗೆ ಒಂದು ಪಿ365 ಕೂತಿತ್ತು, ಚೀಟಿಯಲ್ಲಿ 749 ಡಾಲರ್. ಕಂಪನಿಯ ಸೂಚಿತ ಬೆಲೆ ಆಗ 600ರ ಆಸುಪಾಸು. "ಇದು ಪಟ್ಟಿಯದಲ್ಲ ಮ್ಯಾಡಂ, ಇದು ಹೋಲ್‌ಸ್ಟರ್ ಮತ್ತು ತೋಟಾ ಸೇರಿದ ಪ್ಯಾಕೇಜ್" ಎಂದ ಅಲ್ಲಿನ ಹುಡುಗ. ಹೋಲ್‌ಸ್ಟರ್, ಅಂದರೆ ಪಿಸ್ತೂಲಿನ ಒರೆ, ಯಾವುದೆಂದು ನೋಡಿದರೆ ಯಾವ ಪಿಸ್ತೂಲಿಗೂ ಸರಿಹೊಂದದ ಬಟ್ಟೆಯ ಚೀಲ. ಮುಂಗಡ ವಾಪಸು ಪಡೆಯಲು ನಾಲ್ಕು ಫೋನ್ ಕರೆ, ಹನ್ನೊಂದು ದಿನ. ಅಭಾವದ ಕಾಲದಲ್ಲಿ ಹೆಚ್ಚು ಬೆಲೆ ಕೇಳುವುದು ವ್ಯಾಪಾರ ಎನ್ನುವವರಿದ್ದಾರೆ, ಇರಲಿ. ಪಟ್ಟಿ ಇಟ್ಟು, ಮುಂಗಡ ಪಡೆದು, ಸರಕು ಬಂದ ದಿನ ಪಟ್ಟಿಯನ್ನು ಡ್ರಾಯರಿಗೆ ತಳ್ಳುವುದಕ್ಕೆ ನನ್ನ ಬಳಿ ಬೇರೆ ಹೆಸರಿದೆ.

ಕಾಯುವ ಕಾಲದಲ್ಲಿ ಒಂದು ಮೂರ್ಖತನವನ್ನೂ ಮಾಡಿದೆ. ಪಿಸ್ತೂಲು ಕೈಗೆ ಬರುವ ಮೊದಲೇ ಅದರ ಅಳತೆಯ ಗಟ್ಟಿ ಪ್ಲಾಸ್ಟಿಕ್ಕಿನ ಹೋಲ್‌ಸ್ಟರ್ ತರಿಸಿದೆ. ಕೂಸು ಹುಟ್ಟುವ ಮುಂಚೆ ಕುಲಾವಿ ಎಂದು ಗಂಡ ಅದನ್ನು ಫ್ರಿಜ್ಜಿನ ಮೇಲಿಟ್ಟು ಬಂದವರಿಗೆಲ್ಲ ತೋರಿಸಿದರು. ಬೀಗದ ಪೆಟ್ಟಿಗೆಯೂ ಮೊದಲೇ ಬಂತು, ಅದು ಮೂರ್ಖತನವಲ್ಲ. ಮನೆಯಲ್ಲಿ 15ರ ಮಗಳಿದ್ದಾಳೆ. 17ಕ್ಕಿಂತ ಕೆಳಗಿನವರ ಕೈಗೆ ತುಂಬಿದ ಆಯುಧ ಸಿಗುವಂತೆ ಇಡುವುದು ಟೆಕ್ಸಸ್‌ನಲ್ಲಿ ಅಪರಾಧ. ಕಾನೂನು ಇಲ್ಲದಿದ್ದರೂ ಪೆಟ್ಟಿಗೆ ಬರುತ್ತಿತ್ತು.

ಕಾಯುವುದರಲ್ಲಿ ಒಳ್ಳೆಯದೂ ಆಯಿತು. ಪಿಸ್ತೂಲು ಒಯ್ಯುವ ಪರವಾನಗಿಯ ತರಗತಿಗೆ ಸೇರಿದೆ. ಅದರ ಸರ್ಕಾರಿ ಶುಲ್ಕ 2017ರ ಸೆಪ್ಟೆಂಬರ್‌ನಲ್ಲಿ 140 ಡಾಲರ್‌ನಿಂದ 40ಕ್ಕೆ ಇಳಿದಿತ್ತು. ಕೊನೆಯ ಪರೀಕ್ಷೆಯಲ್ಲಿ 50 ಗುಂಡು: ಮೂರು ಗಜದಿಂದ 20, ಏಳು ಗಜದಿಂದ 20, ಹದಿನೈದು ಗಜದಿಂದ 10. 250ಕ್ಕೆ 175 ಬಂದರೆ ಪಾಸು. ಬಾಡಿಗೆಯ ಗ್ಲಾಕ್ 19 ಹಿಡಿದು 231 ತೆಗೆದೆ. ಶೂಟಿಂಗ್ ರೇಂಜಿನಲ್ಲಿ ಬಾಡಿಗೆಗೆ ಸಿಗುವ ಸಣ್ಣ ಪಿಸ್ತೂಲುಗಳನ್ನೆಲ್ಲ ಒಂದೊಂದು ಭಾನುವಾರ ಹೊಡೆದು ನೋಡಿದೆ. ಆ ಮೂರು ತಿಂಗಳು ಇಲ್ಲದಿದ್ದರೆ, ಹಗುರ ಪಿಸ್ತೂಲು ಕೈಯಲ್ಲಿ ಜಿಗಿಯುವುದು ಪಿಸ್ತೂಲಿನ ತಪ್ಪಲ್ಲ, ನನ್ನ ಎಡಗೈ ಹಿಡಿತ ಸಡಿಲವಾಗಿರುವುದರಿಂದ ಎಂದು ನನಗೆ ತಿಳಿಯುತ್ತಿರಲಿಲ್ಲ. ಹೊಸ ಮಾದರಿಯ ಮೊದಲ ಕಂತಿಗೆ ಅವಸರ ಬೇಡ ಎಂದು ಗಡ್ಡದವರೇ ಒಮ್ಮೆ ಹೇಳಿದ್ದರು. ಹೊಸ ಔಷಧಕ್ಕೂ ನಾನು ಅದನ್ನೇ ಹೇಳುವವಳು. ಸಾವಿರ ಜನರ ಮೇಲೆ ಕಾಣದ ಅಡ್ಡಪರಿಣಾಮ ಲಕ್ಷ ಜನ ನುಂಗಿದ ಮೇಲೆ ಕಾಣುತ್ತದೆ.

ಜೂನ್‌ನಲ್ಲಿ ಒಂದು ತಮಾಷೆ. ಗಡ್ಡದವರು ನನ್ನ ಔಷಧ ಅಂಗಡಿಗೇ ಬಂದರು, ಶಿಂಗ್ರಿಕ್ಸ್ ಕೇಳಿಕೊಂಡು. ವಯಸ್ಸು 67. ಪುಸ್ತಕ ತೆಗೆದು ಬರೆದೆ, 31ನೆಯ ಹೆಸರು. ಅವರು ತಲೆಕೆಳಗಾಗಿ ಪುಟವನ್ನು ಓದಿ, "ಅದಲು ಬದಲು ಮಾಡಿಕೊಳ್ಳೋಣವೇ?" ಎಂದರು. ಆಗುವುದಿಲ್ಲ ಎಂದೆ. "ಒಪ್ಪಿದ್ದರೆ ನನ್ನ ಪುಸ್ತಕದಲ್ಲಿ ನಿಮ್ಮ ಹೆಸರಿಗೆ ಗೀಟು ಎಳೆಯುತ್ತಿದ್ದೆ" ಎಂದು ನಕ್ಕು ಹೋದರು.

ಆಗಸ್ಟ್ ಕೊನೆಯ ಗುರುವಾರ ಕರೆ ಬಂತು. 529 ಡಾಲರ್, 8.25 ಶೇಕಡಾ ತೆರಿಗೆ ಸೇರಿ 572 ಡಾಲರ್ 64 ಸೆಂಟ್. ಪ್ಯಾಕೇಜ್ ಇಲ್ಲ, ಒತ್ತಾಯವಿಲ್ಲ, ಫೆಬ್ರುವರಿಯಲ್ಲಿ ಹೇಳಿದ ಬೆಲೆಯೇ. 4473 ಎಂಬ ಕೇಂದ್ರ ಸರ್ಕಾರದ ಫಾರಂ ತುಂಬಬೇಕು. ಹುಟ್ಟಿದ ದೇಶ, ಪೌರತ್ವ, ಇದನ್ನು ನಿಜವಾಗಿ ನನಗಾಗಿಯೇ ಕೊಳ್ಳುತ್ತಿದ್ದೇನೆಯೇ ಎಂಬ ಪ್ರಶ್ನೆ, ಮಾದಕ ವಸ್ತುಗಳ ಪ್ರಶ್ನೆ. ಆ ಪ್ರಶ್ನೆಯ ಕೆಳಗೆ, ರಾಜ್ಯದ ಕಾನೂನು ಏನೇ ಹೇಳಲಿ ಗಾಂಜಾ ಕೇಂದ್ರ ಕಾನೂನಿನಲ್ಲಿ ನಿಷಿದ್ಧವೇ ಎಂಬ ಎಚ್ಚರಿಕೆ. ವೃತ್ತಿಯ ಅಭ್ಯಾಸದಿಂದ ಅದನ್ನೇ ಎರಡು ಸಲ ಓದಿದೆ. ನನ್ನ ಪರವಾನಗಿ ಕಾರ್ಡ್ ಅಷ್ಟರಲ್ಲಿ ಬಂದಿತ್ತು. ಟೆಕ್ಸಸ್‌ನಲ್ಲಿ ಅದಿದ್ದರೆ ಎಫ್‌ಬಿಐನ ಹಿನ್ನೆಲೆ ತಪಾಸಣೆಗೆ ಅಂಗಡಿಯವರು ಬೇರೆ ಕರೆ ಮಾಡಬೇಕಿಲ್ಲ. ಆರು ತಿಂಗಳ ಕಾಯುವಿಕೆ ಇಪ್ಪತ್ತು ನಿಮಿಷದಲ್ಲಿ ಮುಗಿಯಿತು. (ನಮ್ಮವರು ಬಹಳ ಜನ ಕೇಳುತ್ತಾರೆ: ಗ್ರೀನ್ ಕಾರ್ಡ್ ಇದ್ದವರು ಕೊಳ್ಳಬಹುದು. ಎಚ್-1ಬಿ ವೀಸಾದವರಿಗೆ, ಬೇಟೆಯ ಪರವಾನಗಿಯಂಥ ಕೆಲವು ವಿನಾಯಿತಿಗಳ ಹೊರತು, ಸಾಧ್ಯವಿಲ್ಲ. ಬೇರೆಯವರ ಹೆಸರಿನಲ್ಲಿ ಕೊಂಡುಕೊಡುವುದು ಜೈಲಿನ ದಾರಿ.)

ಈಗ ಪಿಸ್ತೂಲು. ಖಾಲಿ ಮ್ಯಾಗಜಿನ್ ಸೇರಿ 17.8 ಔನ್ಸ್, ಅಂದರೆ ಸುಮಾರು 505 ಗ್ರಾಂ. ಉದ್ದ 5.8 ಇಂಚು, ಎತ್ತರ 4.3, ನಳಿಕೆ 3.1. ಅಂಕಿ ಓದುವುದು ಬೇರೆ, ಕೈಯಲ್ಲಿ ಹಿಡಿದಾಗ ಆಗುವುದು ಬೇರೆ. ಮೊದಲ ಬಾರಿಗೆ ನನ್ನ ಹೆಬ್ಬೆರಳು ಯಾವ ಸರ್ಕಸ್ಸೂ ಇಲ್ಲದೆ ಎಲ್ಲಿರಬೇಕೋ ಅಲ್ಲಿ ಹೋಗಿ ಕೂತಿತು, ತೋರುಬೆರಳಿನ ತುದಿ ಟ್ರಿಗರಿನ ನಡುವಿಗೆ ಬಂತು. ಡಬ್ಬಿಯಲ್ಲಿ ಎರಡು ಮ್ಯಾಗಜಿನ್ ಇವೆ, ಒಂದು ಹಿಡಿಯ ಅಂಚಿಗೆ ಸಮ, ಇನ್ನೊಂದಕ್ಕೆ ಕಿರುಬೆರಳಿಗೆ ಆಸರೆಯಾಗುವ ತುಟಿ. ಆಸರೆ ಇರುವುದನ್ನೇ ಹಾಕಿ. ಕಿರುಬೆರಳು ಗಾಳಿಯಲ್ಲಿ ತೂಗಾಡುತ್ತಿದ್ದರೆ ಎರಡನೆಯ ಗುಂಡು ಮೊದಲನೆಯದಕ್ಕಿಂತ ಒಂದು ಗೇಣು ಮೇಲೆ ಹೋಗುತ್ತದೆ.

ನನಗೆ ಎಲ್ಲಕ್ಕಿಂತ ಹಿಡಿಸಿದ್ದು ಗುರಿಯಿಡಲು ಪಿಸ್ತೂಲಿನ ಮುಂತುದಿಯಲ್ಲಿರುವ ಚುಕ್ಕೆ. ಅದರ ಸುತ್ತ ಎದ್ದು ಕಾಣುವ ಹಸಿರು ಬಳೆ, ನಡುವೆ ಕತ್ತಲಲ್ಲಿ ತಾನೇ ಹೊಳೆಯುವ ಟ್ರಿಟಿಯಮ್. ಚಾಳೀಸು ಬಂದು ಪ್ರೋಗ್ರೆಸಿವ್ ಕನ್ನಡಕ ಹಾಕುವವರಿಗೆ ಇದರ ಬೆಲೆ ಗೊತ್ತು. ಗಾಜಿನ ಮೇಲ್ಭಾಗದಿಂದ ನೋಡಿದರೆ ಚುಕ್ಕೆ ಮಬ್ಬು, ಕೆಳಭಾಗದಿಂದ ನೋಡಿದರೆ ಗುರಿ ಮಬ್ಬು. ಹಸಿರು ಬಳೆ ಮಬ್ಬಾದರೂ ಬಳೆಯಾಗಿಯೇ ಉಳಿಯುತ್ತದೆ. ಬಿಚ್ಚಿ ಒರೆಸುವುದೂ ಸುಲಭ. ಮ್ಯಾಗಜಿನ್ ತೆಗೆದು, ಮೇಲಿನ ಜಾರುವ ಭಾಗವಾದ ಸ್ಲೈಡನ್ನು ಹಿಂದಕ್ಕೆ ಸಿಕ್ಕಿಸಿ, ನಳಿಕೆ ಖಾಲಿಯೆಂದು ಕಣ್ಣಿನಿಂದಲೂ ಬೆರಳಿನಿಂದಲೂ ನೋಡಿ, ಪಕ್ಕದ ಸನ್ನೆ ತಿರುಗಿಸಿದರೆ ಸ್ಲೈಡ್ ಮುಂದಕ್ಕೆ ಜಾರಿ ಬರುತ್ತದೆ. ಟ್ರಿಗರ್ ಎಳೆಯಬೇಕಿಲ್ಲ, ಅದು ನನ್ನಂಥ ಪುಕ್ಕಲಿಗೆ ಸಮಾಧಾನ.

ಇಷ್ಟವಾಗದ್ದೂ ಇದೆ. ಹತ್ತನೆಯ ತೋಟಾ ತುಂಬುವುದು ಹೆಬ್ಬೆರಳಿಗೆ ಶಿಕ್ಷೆ. ಅಷ್ಟು ಕಿರಿದಾದ ಡಬ್ಬಿಯಲ್ಲಿ ಅಷ್ಟು ತೋಟಾ ಹಿಡಿಸಬೇಕಾದರೆ ಸ್ಪ್ರಿಂಗ್ ಬಿಗಿಯಿರಲೇಬೇಕು, ಒಪ್ಪುತ್ತೇನೆ, ಆದರೆ ದಿನವಿಡೀ ಮಕ್ಕಳ ಕೈಗೆ ಸಿಕ್ಕದ ಬಿರಡೆಗಳನ್ನು ಒತ್ತಿ ತಿರುಗಿಸುವ ಬೆರಳಿಗೆ ಸಂಜೆ ಇದು ಬೇಡ. ಹತ್ತು ಡಾಲರಿನ ಪ್ಲಾಸ್ಟಿಕ್ ಲೋಡರ್ ಕೊಂಡೆ. ಅರ್ಧ ಕಿಲೋ ಪಿಸ್ತೂಲು 9 ಮಿ.ಮೀ. ಹೊಡೆದರೆ ಅಂಗೈಯನ್ನು ಒದೆಯುತ್ತದೆ, ನೂರು ಗುಂಡಿನ ನಂತರ ನನ್ನ ಕೈ ಸಾಕು ಎನ್ನುತ್ತದೆ. ಕಲಿಯುವವರು ದಯವಿಟ್ಟು ಇದರಲ್ಲಿ ಕಲಿಯಬೇಡಿ, ದೊಡ್ಡದರಲ್ಲಿ ಕಲಿತು ಇದಕ್ಕೆ ಬನ್ನಿ. ನನ್ನದರಲ್ಲಿ ಕೈಯಿಂದ ಒತ್ತುವ ಸೇಫ್ಟಿ, ಅಂದರೆ ಟ್ರಿಗರಿಗೆ ಹಾಕುವ ತಡೆ, ಇಲ್ಲ. ಹಾಗಾಗಿ ಟ್ರಿಗರನ್ನು ಪೂರ್ತಿ ಮುಚ್ಚುವ ಗಟ್ಟಿ ಹೋಲ್‌ಸ್ಟರ್ ಇಲ್ಲದೆ ಇದನ್ನು ಕೈಚೀಲಕ್ಕೆ ಹಾಕುವುದು ಹುಚ್ಚುತನ. ಫ್ರಿಜ್ಜಿನ ಮೇಲಿದ್ದ ಕುಲಾವಿ ಅಂತೂ ಕೆಲಸಕ್ಕೆ ಬಂತು. ಜೀನ್ಸಿನ ಮೇಲೆ ಉದ್ದ ಕುರ್ತಾ ಹಾಕಿದರೆ ಎದುರು ನಿಂತವರಿಗೆ ಏನೂ ಕಾಣುವುದಿಲ್ಲ. ಈ ಸಣ್ಣ ಪಿಸ್ತೂಲುಗಳ ಜಾಹೀರಾತಿನವರಿಗೆ ಕುರ್ತಾ ಇನ್ನೂ ಹೊಳೆದಿಲ್ಲ. ಕೆಲಸದ ಜಾಗದಲ್ಲಿ ಮಾತ್ರ ಅವಕಾಶವಿಲ್ಲ, ಅಲ್ಲಿ ಅದು ಕಾರಿನೊಳಗಿನ ಪೆಟ್ಟಿಗೆಯಲ್ಲಿ ಬೀಗ ಹಾಕಿಕೊಂಡು ಮಲಗಿರುತ್ತದೆ.

ಇದನ್ನು ಬರೆಯುತ್ತಿರುವುದು 2019ರ ನವೆಂಬರ್‌ನಲ್ಲಿ. 1,400 ಗುಂಡು ದಾಟಿದೆ, ನನ್ನ ನೋಟ್‌ಬುಕ್ಕಿನಲ್ಲಿ ಸಿಕ್ಕಿಕೊಂಡ ಗುಂಡುಗಳ ಕಾಲಂ ಖಾಲಿಯಿದೆ. ಅಂಗಡಿಯ ಗಾಜಿನ ಕೆಳಗೆ ಈಗ ಮೂರು ಪಿ365 ಯಾರೂ ಕೇಳದೆ ಕೂತಿವೆ. ಪುಸ್ತಕದ ಹೊಸ ಪುಟದಲ್ಲಿ ಸ್ಪ್ರಿಂಗ್‌ಫೀಲ್ಡ್‌ನವರ ಹೆಲ್‌ಕ್ಯಾಟ್‌ಗೆ ಹೆಸರು ಬೀಳುತ್ತಿವೆ. ಸೆಪ್ಟೆಂಬರ್‌ನಲ್ಲಿ ಬಂದ ಅದು ಇಷ್ಟೇ ಗಾತ್ರಕ್ಕೆ ಹನ್ನೊಂದು ತೋಟಾ ತುಂಬಿಸಿಕೊಂಡಿದೆ. ಒಂದು ತೋಟಾಗಾಗಿ ಮತ್ತೆ ಆರು ತಿಂಗಳು ಕಾಯುವ ಹುಮ್ಮಸ್ಸು ನನಗಿಲ್ಲ. ಕಾಯಲೇಬೇಕೆನ್ನುವವರಿಗೆ ಒಂದೇ ಮಾತು: ಪಿಸ್ತೂಲಿನ ಬಗ್ಗೆ ಕೇಳುವ ಮೊದಲು ಪುಸ್ತಕ ತೋರಿಸಿ ಎನ್ನಿ, ಹೊಡೆದು ಹಾಕಿದ ಹೆಸರುಗಳು ಮೇಲಿನಿಂದ ಕೆಳಕ್ಕೆ ಸಾಲಾಗಿ ಇವೆಯೇ ನೋಡಿ. ಗಡ್ಡದವರ ಪುಸ್ತಕದಲ್ಲಿ ಹಾಗೇ ಇದ್ದವು.

ಅವರಿಗೆ ಲಸಿಕೆಯ ಎರಡೂ ಡೋಸ್ ಆಗಿವೆ. ಕಳೆದ ತಿಂಗಳು ನನಗೂ 50 ತುಂಬಿತು. ನನ್ನ ಪುಸ್ತಕದಲ್ಲಿ ಸದ್ಯ ನನ್ನದು 19ನೆಯ ಹೆಸರು.