ಟಿಕೆಟ್ ಯಂತ್ರದಲ್ಲಿ ಮಾಸಿಕ ಪಾಸ್

ಕೊಪ್ಪಳ ಜಿಲ್ಲೆಯಿಂದ ಹೊಸಪೇಟೆಗೆ ನಿತ್ಯ ಕೆಲಸಕ್ಕೆ ಹೋಗಿಬರುವ ನಮ್ಮಂಥವರಿಗೆ ರೈಲಿನ ಮಾಸಿಕ ಪಾಸ್ ದೊಡ್ಡ ಆಸರೆಯಾಗಿದೆ. ಎರಡನೇ ದರ್ಜೆಯಲ್ಲಿ ಸುಮಾರು 15 ಬಾರಿಯ ಒಮ್ಮುಖ ಪ್ರಯಾಣದ ದರಕ್ಕೆ ಇಡೀ ತಿಂಗಳು ಓಡಾಡಬಹುದು ಎಂದಮೇಲೆ ಇದಕ್ಕಿಂತ ಒಳ್ಳೆಯ ರಿಯಾಯಿತಿ ನನಗೆ ಬೇರೆಲ್ಲೂ ಕಂಡಿಲ್ಲ.

ನಿಲ್ದಾಣದ ಸ್ವಯಂಚಾಲಿತ ಯಂತ್ರದಲ್ಲಿ ಈ ಪಾಸನ್ನು ನವೀಕರಿಸಿಕೊಳ್ಳಬಹುದು. ಮೊದಲೇ ಹಣ ತುಂಬಿಸಿದ ರೈಲ್ವೆ ಸ್ಮಾರ್ಟ್ ಕಾರ್ಡನ್ನು ಇಟ್ಟು, ಹಳೆಯ ಪಾಸಿನ ಸಂಖ್ಯೆಯನ್ನು ಒತ್ತಿದರೆ ಚೀಟಿ ಬಿಸಿಬಿಸಿಯಾಗಿ ಹೊರಬರುತ್ತದೆ. ಬೆಳಗಿನ ಗಾಡಿ ಬರುವ ಹೊತ್ತಿಗೆ ಕೌಂಟರಿನ ಮುಂದೆ ಬೆಳೆಯುವ ಸಾಲನ್ನು ಕಂಡವರಿಗೆ ಇದರ ಬೆಲೆ ಗೊತ್ತು.

ಆದರೆ ಯಂತ್ರದಲ್ಲಿ ಹೊಸ ಪಾಸ್ ಸಿಗುವುದಿಲ್ಲ; ಅದಕ್ಕಾಗಿ ಕೌಂಟರಿಗೆ ಹೋಗುವವರು ಗುರುತಿನ ಚೀಟಿ ಹಿಡಿದು ಅದೇ ಸಾಲಿನಲ್ಲಿ ನಿಲ್ಲಬೇಕಾಗಿದೆ. ಕಳೆದ ಬೇಸಿಗೆಯಲ್ಲಿ ಒಂದು ನಿಲ್ದಾಣದಲ್ಲಿ ಬಿಸಿಲು ನೇರವಾಗಿ ಯಂತ್ರದ ಪರದೆಯ ಮೇಲೆ ಬಿದ್ದು ಅಕ್ಷರಗಳೇ ಕಾಣದಿದ್ದಾಗ, ನನ್ನ ಹಿಂದಿದ್ದ ಅಜ್ಜಿಯೊಬ್ಬರು ತಮ್ಮ ಸೆರಗನ್ನೇ ಮೇಲೆತ್ತಿ ನೆರಳು ಹಿಡಿದರು. ಟಿಕೆಟ್ ಬರುವಷ್ಟರಲ್ಲಿ ಗಾಡಿ ಹೊರಟಿತ್ತು. ಯಂತ್ರದ ಮೇಲೊಂದು ತಗಡಿನ ಚಪ್ಪರ, ಜತೆಗೆ ಯಂತ್ರದಲ್ಲೇ ಹೊಸ ಪಾಸ್ ಪಡೆಯುವ ಅವಕಾಶ, ಇವೆರಡನ್ನು ಒದಗಿಸಿದರೆ ಈ ಸೇವೆಗೆ ಪೂರ್ಣ ಅಂಕ ಕೊಡುತ್ತೇನೆ. ಸದ್ಯಕ್ಕೆ ಐದಕ್ಕೆ ಮೂರು.