ಟಾಮ್ ಎಲಿಸನ್ ಬದುಕಿನ ಜಾಡು ಹಿಡಿಯಲು ಪೇಪರ್ಸ್ ಪಾಸ್ಟ್

ನ್ಯೂಜಿಲೆಂಡ್ ರಾಷ್ಟ್ರೀಯ ಗ್ರಂಥಾಲಯದ ಪೇಪರ್ಸ್ ಪಾಸ್ಟ್ ಜಾಲತಾಣಕ್ಕೆ ದುಡ್ಡೂ ಬೇಡ, ಲಾಗಿನ್ನೂ ಬೇಡ. 1839ರಿಂದೀಚಿನ ಪತ್ರಿಕೆಗಳ ಸ್ಕ್ಯಾನ್ ಪುಟಗಳು, ಸಂಸತ್ತಿನ ಕಾಗದಪತ್ರಗಳು ಅಲ್ಲಿವೆ. ರಗ್ಬಿ ಆಟಗಾರ ಟಾಮ್ ಎಲಿಸನ್ ಅವರಂಥವರ ಬದುಕನ್ನು ಬಿಡಿಬಿಡಿಯಾಗಿ ಕೂಡಿಸಿಕೊಳ್ಳಲು ಇದಕ್ಕಿಂತ ಒಳ್ಳೆಯ ತಾಣ ಸಿಗುವುದು ಕಷ್ಟ. ಆದರೆ ಹುಡುಕುವ ಬಗೆ ಗೊತ್ತಿರಬೇಕು.

ಎಲಿಸನ್ ನ್ಯೂಜಿಲೆಂಡಿನ ಒಟಾಗೊ ಕಡೆಯ ಮಾವೋರಿ, ಅಂದರೆ ಅಲ್ಲಿನ ಮೂಲನಿವಾಸಿ. 1888–89ರಲ್ಲಿ 107 ಪಂದ್ಯ ಆಡಿದ, ಬಹುತೇಕ ಮಾವೋರಿಗಳೇ ಇದ್ದ ‘ನೇಟಿವ್ಸ್’ ರಗ್ಬಿ ತಂಡದಲ್ಲಿದ್ದರು. 1893ರಲ್ಲಿ ನ್ಯೂಜಿಲೆಂಡ್ ರಗ್ಬಿ ಒಕ್ಕೂಟ ಕಳಿಸಿದ ಮೊದಲ ತಂಡದ ನಾಯಕರಾದರು. ತಂಡಕ್ಕೆ ಕಪ್ಪು ಅಂಗಿ, ಅದರ ಮೇಲೆ ಬೆಳ್ಳಿ ಬಣ್ಣದ ಜರೀಗಿಡದ ಎಲೆ ಇರಲಿ ಎಂದು ಸೂಚಿಸಿದ್ದೂ ಅವರೇ. ವಕೀಲರಾಗಿದ್ದ ಅವರು ಮಾವೋರಿಗಳಿಗೆ ಮೀಸಲಾದ ಸಂಸತ್ ಕ್ಷೇತ್ರ ಸದರ್ನ್ ಮಾವೋರಿಯಿಂದ ಒಂದಕ್ಕಿಂತ ಹೆಚ್ಚು ಸಲ ಚುನಾವಣೆಗೆ ನಿಂತು ಸೋತರು.

‘ಟಾಮ್ ಎಲಿಸನ್’ ಎಂದಷ್ಟೇ ಹುಡುಕಿದರೆ ಬಹಳಷ್ಟು ತಪ್ಪಿಹೋಗುತ್ತದೆ, ಏಕೆಂದರೆ ಅಂದಿನ ಪತ್ರಿಕೆಗಳು ಇನಿಷಿಯಲ್ಲನ್ನೇ ಹಾಕುತ್ತಿದ್ದವು. ‘ಟಿ. ಆರ್. ಎಲಿಸನ್’ ಎಂಬುದನ್ನು ಇಂಗ್ಲಿಷಿನಲ್ಲಿ ಉದ್ಧರಣ ಚಿಹ್ನೆಯೊಳಗೆ ಕೊಡಿ. ಇನ್ನೊಮ್ಮೆ ಬರೀ ‘ಎಲಿಸನ್’ ಜೊತೆ ಅವರ ವೆಲಿಂಗ್ಟನ್ ಕ್ಲಬ್ಬಿನ ಹೆಸರು ‘ಪೊನೆಕೆ’ ಸೇರಿಸಿ. ಫಲಿತಾಂಶವನ್ನು ದಿನಾಂಕದ ಕ್ರಮಕ್ಕೆ ತನ್ನಿ. ಒಂದೇ ತಂತಿ ಸುದ್ದಿ ಹತ್ತಾರು ಊರಿನ ಪತ್ರಿಕೆಗಳಲ್ಲಿ ಅಚ್ಚಾಗಿರುತ್ತದೆ. ಹಾಗಾಗಿ ಮೊದಲು ವೆಲಿಂಗ್ಟನ್ನಿನ ಈವನಿಂಗ್ ಪೋಸ್ಟ್, ಆಮೇಲೆ ವಾರಪತ್ರಿಕೆ ಒಟಾಗೊ ವಿಟ್ನೆಸ್ ನೋಡಿದರೆ ಸಮಯ ಉಳಿಯುತ್ತದೆ.

ದಿನಾಂಕದ ವ್ಯಾಪ್ತಿ ಹಾಕುವಾಗಲೇ ಹೆಚ್ಚಿನವರು ಎಡವುವುದು. 1889ರ ಫೆಬ್ರವರಿ 16ರಂದು ಬ್ಲಾಕ್‌ಹೀತ್‌ನಲ್ಲಿ ಇಂಗ್ಲೆಂಡ್ ವಿರುದ್ಧದ ಪಂದ್ಯ. ಎಲಿಸನ್ ಹಿಡಿಯಲು ಹೋದಾಗ ಇಂಗ್ಲೆಂಡಿನ ಸ್ಟಾಡರ್ಟ್ ಚಡ್ಡಿ ಹರಿಯಿತು. ನೇಟಿವ್ಸ್ ಆಟಗಾರರು ಮರೆಗಾಗಿ ಸುತ್ತ ನಿಂತರು. ಅಷ್ಟರಲ್ಲಿ ಇಂಗ್ಲೆಂಡಿನ ಎವರ್‌ಶೆಡ್ ಚೆಂಡೆತ್ತಿಕೊಂಡು ಓಡಿ ಟ್ರೈ (ಎದುರಾಳಿಯ ಗೆರೆಯಾಚೆ ಚೆಂಡು ನೆಲಕ್ಕೊತ್ತಿ ಗಳಿಸುವ ಅಂಕ) ಹೊಡೆದರು, ರೆಫರಿ ಅದನ್ನು ಎಣಿಸಿದರು. ಇದರ ವಿವರ ಫೆಬ್ರವರಿ ಪತ್ರಿಕೆಗಳಲ್ಲಿ ಸಿಗುವುದಿಲ್ಲ. ತಂತಿಯಲ್ಲಿ ಬಂದದ್ದು ನಾಲ್ಕು ಸಾಲು. ಪೂರ್ತಿ ವರದಿ ಹಡಗಿನ ಅಂಚೆಯಲ್ಲಿ ಸುಮಾರು ಆರು ವಾರ ಪ್ರಯಾಣ ಮಾಡಿ ಬರಬೇಕಿತ್ತು. ಏಪ್ರಿಲ್ ಕೊನೆಯವರೆಗೂ ಹುಡುಕಿ.

ಚುನಾವಣೆಯಲ್ಲೂ ಇದೇ ತೊಡಕು. 1893ರಲ್ಲಿ ಸಾಮಾನ್ಯ ಕ್ಷೇತ್ರಗಳ ಮತದಾನ ನವೆಂಬರ್ 28ಕ್ಕೆ, ಮಾವೋರಿ ಕ್ಷೇತ್ರಗಳದ್ದು ಡಿಸೆಂಬರ್ 20ಕ್ಕೆ. ಸದರ್ನ್ ಮಾವೋರಿಯಲ್ಲಿ ಆ ಕಾಲದಲ್ಲಿ ಗೆಲ್ಲುತ್ತಿದ್ದವರು ತಾಮೆ ಪರಾಟಾ. ಅವರ ಹೆಸರಿನಿಂದ ಹುಡುಕಿದರೆ ಸೋತವರ ಮತಗಳೂ ಸಿಗುವ ಸಾಧ್ಯತೆ ಹೆಚ್ಚು. ರಗ್ಬಿ ಅಂಕಣಗಳಲ್ಲಷ್ಟೇ ಸುತ್ತುವವರಿಗೆ ಎಲಿಸನ್ ಬದುಕಿನ ಈ ಅರ್ಧ ಕಾಣುವುದೇ ಇಲ್ಲ, ಅದು ನಿಜಕ್ಕೂ ನಷ್ಟ.

ತಾಣದ ದೊಡ್ಡ ಕೊರತೆ ಯಂತ್ರ ಓದಿದ ಪಠ್ಯ. ಸವೆದ ಅಚ್ಚಿನಲ್ಲಿ ಒಂದಕ್ಷರ ತಪ್ಪಾಗಿ ಓದಿದರೂ ಹೆಸರು ಹುಡುಕಾಟಕ್ಕೆ ಸಿಗುವುದಿಲ್ಲ. ಅಂಥ ಕಡೆ ಪಂದ್ಯದ ದಿನ ಹಿಡಿದು ಪುಟವನ್ನೇ ತೆರೆದು ಕಣ್ಣಿನಿಂದ ಓದಬೇಕು. ಆಸ್ಟ್ರೇಲಿಯಾದ ಹಳೆಯ ಪತ್ರಿಕೆಗಳ ತಾಣ ಟ್ರೋವ್‌ನಲ್ಲಿ ಓದುಗರೇ ಇಂಥ ತಪ್ಪು ತಿದ್ದಬಹುದು. 1893ರ ತಂಡ ಹೋದದ್ದು ಆಸ್ಟ್ರೇಲಿಯಾದ ನ್ಯೂ ಸೌತ್ ವೇಲ್ಸ್, ಕ್ವೀನ್ಸ್‌ಲೆಂಡಿಗೆ. ಹಾಗಾಗಿ ಆ ಪ್ರವಾಸದ ಮಟ್ಟಿಗೆ ಟ್ರೋವ್ ಅನ್ನೇ ಮೊದಲು ತೆರೆಯಿರಿ.