ಶಾಲೆಯ ಲ್ಯಾಪ್‌ಟಾಪ್, ಕ್ರೋಮ್‌ಬುಕ್, ಲ್ಯಾಮಿಂಗ್ಟನ್ ರಸ್ತೆಯ ಹಳೆಯ ಥಿಂಕ್‌ಪ್ಯಾಡ್: ನಮ್ಮ ಮನೆಯ ಲೆಕ್ಕ

ಮೊದಲೇ ಹೇಳಿಬಿಡುತ್ತೇನೆ: ಮಗಳ ಶಾಲೆಯ ಕೆಲಸಕ್ಕೆ ಯಾವ ಲ್ಯಾಪ್‌ಟಾಪ್ ಎಂದರೆ, ನನ್ನ ಮತ ಕಂಪ್ಯೂಟರ್ ಅಂಗಡಿಗಳಿಗೆ ಹೆಸರಾದ ಮುಂಬಯಿಯ ಲ್ಯಾಮಿಂಗ್ಟನ್ ರಸ್ತೆಯಲ್ಲಿ 19,000 ರೂಪಾಯಿಗೆ ಕೊಂಡ, ಲೆನೊವೊ ಕಂಪನಿಯ ಹಳೆಯ ಥಿಂಕ್‌ಪ್ಯಾಡ್ ಟಿ480ಗೆ. ಮಗಳ ಶಾಲೆಯೇ ಕೊಟ್ಟಿದ್ದ ಹೊಚ್ಚಹೊಸ ಲ್ಯಾಪ್‌ಟಾಪನ್ನು ಕಳೆದ ಶೈಕ್ಷಣಿಕ ವರ್ಷವಿಡೀ ಬಳಸಿಯಾಗಿದೆ. ಪುಣೆಯ ಕೋಥರೂಡಿನಲ್ಲಿರುವ ಮೈದುನನ ಮಗನ ಕ್ರೋಮ್‌ಬುಕ್ಕನ್ನೂ (ಗೂಗಲ್‌ನ ಕ್ರೋಮ್ ಓಎಸ್ ಇರುವ, ಹೆಚ್ಚಿನ ಕೆಲಸ ಬ್ರೌಸರಿನಲ್ಲೇ ನಡೆಯುವ ಲ್ಯಾಪ್‌ಟಾಪ್) ದೀಪಾವಳಿ ರಜೆಯಲ್ಲಿ ಇಸಿದುಕೊಂಡು ನೋಡಿಯಾಗಿದೆ. ಸ್ಕ್ರೀನಿನ ಅಳತೆ, ಪ್ರೊಸೆಸರಿನ ವೇಗ ಇವನ್ನೆಲ್ಲ ಅಂಗಡಿಯವರು ಕೇಳದೆಯೇ ಒಪ್ಪಿಸುತ್ತಾರೆ. ಅವರು ಹೇಳದೆ ಬಿಡುವುದನ್ನಷ್ಟೇ ಇಲ್ಲಿ ಬರೆಯುತ್ತೇನೆ.

ನಾವು ಮುಂಬಯಿಯ ಹೊರವಲಯದ ಡೊಂಬಿವಲಿಯವರು. ಮಗಳು ಎಂಟನೆಯ ತರಗತಿಗೆ ಬಂದಾಗ ಶಾಲೆ ‘ತಂತ್ರಜ್ಞಾನ ಬಳಕೆಯ ನೀತಿ’ ಎಂಬ ದಪ್ಪ ಕಾಗದದ ಕಟ್ಟೊಂದನ್ನು ಸಹಿಗೆ ಕಳಿಸಿತು. ಆ ವರ್ಷ ಆಯ್ಕೆಯೇ ಇರಲಿಲ್ಲ: ಶಾಲೆ ಗೊತ್ತು ಮಾಡಿದ ಲ್ಯಾಪ್‌ಟಾಪ್, ವರ್ಷಕ್ಕೆ 14,000 ರೂಪಾಯಿಯಂತೆ ಮೂರು ವರ್ಷ, ಮೇಲೆ 5,000 ಠೇವಣಿ, ಕೊನೆಗೆ ಯಂತ್ರ ಶಾಲೆಗೇ ವಾಪಸ್ಸು. ಪಾಲಕರ ಸಭೆಯಲ್ಲಿ ಸಾಕಷ್ಟು ಮಾತು ನಡೆದ ಮೇಲೆ ಈ ವರ್ಷ ನೀತಿ ಸ್ವಲ್ಪ ಸಡಿಲವಾಗಿದೆ. ಮನೆಯ ಲ್ಯಾಪ್‌ಟಾಪನ್ನೂ ತರಬಹುದು. ಆದರೆ ಅದರ ಆಪರೇಟಿಂಗ್ ಸಿಸ್ಟಮ್‌ಗೆ ಕಂಪನಿಯ ಭದ್ರತಾ ಅಪ್‌ಡೇಟ್ ಬರುತ್ತಿರಬೇಕು, ತರಗತಿಯಲ್ಲಿ ಚಾರ್ಜಿಗೆ ಹಾಕುವಂತಿಲ್ಲ, ಶಾಲೆಯ ಕೆಲಸವೆಲ್ಲ ಶಾಲೆಯ ಖಾತೆಯಿಂದಲೇ ಆಗಬೇಕು. ಮೂರೂ ನ್ಯಾಯವಾದ ಷರತ್ತುಗಳೇ.

ಶಾಲೆಯ ಲ್ಯಾಪ್‌ಟಾಪ್ ಯಂತ್ರವಾಗಿ ಕೆಟ್ಟದ್ದಲ್ಲ. ವೇಗವಾಗಿತ್ತು, ವಿಮೆಯಿತ್ತು, ಕೆಟ್ಟರೆ ಬದಲಿ ಯಂತ್ರ ಸಿಗುತ್ತಿತ್ತು. ತೊಡಕು ಒಂದೇ: ಅದರ ಅಡ್ಮಿನ್ ಪಾಸ್‌ವರ್ಡ್ ಶಾಲೆಯ ಐಟಿ ವಿಭಾಗದ ಬಳಿ ಮಾತ್ರ. ಬಾಡಿಗೆ ಮನೆಯಲ್ಲಿ ಒಂದು ಮೊಳೆ ಹೊಡೆಯಲೂ ಮಾಲೀಕರನ್ನು ಕೇಳಬೇಕಾದ ಹಾಗೆ, ಪ್ರತಿಯೊಂದಕ್ಕೂ ಅರ್ಜಿ.

ಇದು ಎಷ್ಟು ದೂರ ಹೋಗುತ್ತದೆ ಎಂದು ತಿಳಿದದ್ದು ರಾಜ್ಯೋತ್ಸವದ ಹೊತ್ತಿಗೆ. ಇಲ್ಲಿನ ಕನ್ನಡ ಸಂಘವೊಂದು ಮಕ್ಕಳಿಗೆ ಪ್ರಬಂಧ ಸ್ಪರ್ಧೆ ಇಟ್ಟಿತ್ತು. ಟೈಪ್ ಮಾಡಿ, ಪ್ರಿಂಟ್ ತೆಗೆದು ಕೊಡಬೇಕು. ಮಗಳಿಗೆ ಕನ್ನಡ ಓದಲು, ಬರೆಯಲು ಅವಳ ಅಜ್ಜಿ ಕಲಿಸಿದ್ದಾರೆ. ವಿಂಡೋಸಿನಲ್ಲಿ 2019ರಿಂದಲೇ ಕನ್ನಡದ ಫೋನೆಟಿಕ್ ಕೀಬೋರ್ಡ್ (ಇಂಗ್ಲಿಷ್ ಅಕ್ಷರ ಒತ್ತಿದರೆ ಕನ್ನಡ ಮೂಡುವಂಥದ್ದು) ಇದೆ, ಬೇರೆ ಏನನ್ನೂ ಹಾಕಿಕೊಳ್ಳಬೇಕಿಲ್ಲ. ಆದರೆ ಭಾಷೆಯ ಸೆಟ್ಟಿಂಗಿಗೆ ಹೋದರೆ ಅಲ್ಲಿ ‘ಕೆಲವು ಸೆಟ್ಟಿಂಗ್‌ಗಳು ನಿಮ್ಮ ಸಂಸ್ಥೆಯ ನಿರ್ವಹಣೆಯಲ್ಲಿವೆ’ ಎಂಬ ಸಾಲು, ಕೆಳಗೆ ಮಂಕಾದ ಗುಂಡಿ. ಮರಾಠಿ ಇತ್ತು, ಹಿಂದಿ ಇತ್ತು. ಮರಾಠಿ ಇರಲೇಬೇಕು, 2020ರ ಕಾಯ್ದೆಯ ಪ್ರಕಾರ ಮಹಾರಾಷ್ಟ್ರದ ಎಲ್ಲ ಶಾಲೆಗಳಲ್ಲೂ ಅದು ಕಡ್ಡಾಯ, ಅದಕ್ಕೆ ನನ್ನ ತಕರಾರಿಲ್ಲ. ಕನ್ನಡವನ್ನೂ ಸೇರಿಸಿ ಎಂದು ಐಟಿ ವಿಭಾಗಕ್ಕೆ ಬರೆದೆ. ‘ಮ್ಯಾಡಮ್, ವೇಳಾಪಟ್ಟಿಯಲ್ಲಿರುವ ಭಾಷೆಗಳಿಗೆ ಮಾತ್ರ ಅವಕಾಶ’ ಎಂಬ ಉತ್ತರ ಬಂತು. ಕೀಬೋರ್ಡ್ ಎಂದರೆ ಆಟವಲ್ಲ, ವಿಡಿಯೊ ಅಲ್ಲ, ಅದರಿಂದ ಯಾವ ಹುಡುಗಿಯೂ ಹಾಳಾಗುವುದಿಲ್ಲ ಎಂದು ಮತ್ತೆ ಬರೆದೆ. ವಿಶೇಷ ಮನವಿಯ ನಮೂನೆಯನ್ನು ತುಂಬಿ, ವರ್ಗ ಶಿಕ್ಷಕಿಯ ಸಹಿ ಪಡೆದು, ಲ್ಯಾಪ್‌ಟಾಪನ್ನು ಖುದ್ದು ತಂದು ತೋರಿಸಬೇಕಂತೆ.

ಮಗಳು ಅಡ್ಡದಾರಿ ಹುಡುಕಿದಳು. ನನ್ನ ಮೊಬೈಲಿನಲ್ಲಿ ಟೈಪ್ ಮಾಡಿ ಲ್ಯಾಪ್‌ಟಾಪಿಗೆ ಕಳಿಸಿಕೊಳ್ಳೋಣ ಎಂದರೆ ಅದರಲ್ಲಿ ಖಾಸಗಿ ಮೇಲ್ ತೆರೆಯುವುದಿಲ್ಲ. ಮನೆಯ ಪ್ರಿಂಟರನ್ನು ಜೋಡಿಸೋಣ ಎಂದರೆ ಅದನ್ನು ನಡೆಸುವ ಡ್ರೈವರ್ ತಂತ್ರಾಂಶ ಹಾಕಲು ಅಡ್ಮಿನ್ ಪಾಸ್‌ವರ್ಡ್ ಕೇಳುತ್ತದೆ. ಸ್ಟೇಷನ್ನಿನ ಬಳಿಯ ಝೆರಾಕ್ಸ್ ಅಂಗಡಿಗೆ ಪೆನ್‌ಡ್ರೈವಿನಲ್ಲಿ ಒಯ್ಯೋಣ ಎಂದರೆ ಯುಎಸ್‌ಬಿ ಕಿಂಡಿಗಳಿಗೂ ಬೀಗ. ಕೊನೆಗೆ ಪ್ರಬಂಧ ಕೈಬರಹದಲ್ಲೇ ಹೋಯಿತು. ಸಂಘದವರು ದೊಡ್ಡ ಮನಸ್ಸು ಮಾಡಿ ತೆಗೆದುಕೊಂಡರು. ‘ಅಮ್ಮ, ಇದು ನನ್ನ ಲ್ಯಾಪ್‌ಟಾಪಾ, ಶಾಲೆಯದಾ?’ ಎಂದು ಮಗಳು ಕೇಳಿದಾಗ ನೀತಿಯ ಕಾಗದ ತೆಗೆದು ಓದಿ ಹೇಳಿದೆ: ಶಾಲೆಯದು. ವರ್ಷಕ್ಕೆ 14,000 ಮಾತ್ರ ನಮ್ಮದು.

ಇದರ ಮೇಲೆ ರಾತ್ರಿ ಒಂಬತ್ತಕ್ಕೆ ಲಾಕ್. ಮಕ್ಕಳ ನಿದ್ದೆಯ ದೃಷ್ಟಿಯಿಂದ ನಿಯಮ ಒಳ್ಳೆಯದೇ. ಆದರೆ ನನ್ನ ಕೆಲಸ ದಕ್ಷಿಣ ಮುಂಬಯಿಯ ಫೋರ್ಟಿನಲ್ಲಿ. ಫಾಸ್ಟ್ ಲೋಕಲ್ ಹಿಡಿದು ಮನೆ ಸೇರಿ ಚಪ್ಪಲಿ ಬಿಡುವಾಗ ಎಂಟೂವರೆ. ಊಟ ಮುಗಿಸಿ ಮಗಳ ಪಕ್ಕದಲ್ಲಿ ಕುಳಿತು ಅವಳ ಪ್ರಾಜೆಕ್ಟ್ ನೋಡುವುದು ಒಂಬತ್ತೂಕಾಲಿಗೆ. ಆಗ ಪರದೆಯ ಮೇಲೆ ಶಾಲೆಯ ಲಾಂಛನ ಬಿಟ್ಟರೆ ಏನೂ ಕಾಣುವುದಿಲ್ಲ. ಮುಂಬಯಿಯ ರೈಲಿನ ವೇಳೆ ಗೊತ್ತಿರುವವರು ಮಾಡಿದ ನಿಯಮವಲ್ಲ ಅದು.

ಇನ್ನು ನಿಗಾ. ಪಾಠದ ಹೊತ್ತಿನಲ್ಲಿ ಮಕ್ಕಳ ಪರದೆಯನ್ನು ಶಿಕ್ಷಕರು ನೋಡಬಹುದು ಎಂದು ನೀತಿಯಲ್ಲಿದೆ, ಅದು ಸರಿ. ಮನೆಗೆ ಬಂದ ಮೇಲೂ ನೋಡಬಹುದೇ, ಕ್ಯಾಮೆರಾವನ್ನು ತೆರೆಯಬಹುದೇ ಎಂದು ಕೇಳಿದರೆ ಸಭೆಯಲ್ಲಿ ಕೆಲವರು ನಕ್ಕರು. ನಗುವಂಥದ್ದಲ್ಲ. ಅಮೆರಿಕದ ಪೆನ್ಸಿಲ್ವೇನಿಯಾದ ಲೋವರ್ ಮೆರಿಯನ್ ಎಂಬಲ್ಲಿ ಶಾಲೆ ಹಂಚಿದ್ದ ಲ್ಯಾಪ್‌ಟಾಪ್‌ಗಳಲ್ಲಿ, ಕಳೆದುಹೋದ ಯಂತ್ರವನ್ನು ಪತ್ತೆ ಮಾಡಲೆಂದು ಹಾಕಿದ್ದ ತಂತ್ರಾಂಶವೇ ಮಕ್ಕಳ ಮನೆಯೊಳಗಿನ ಚಿತ್ರಗಳನ್ನು ತೆಗೆದಿತ್ತು. 2010ರಲ್ಲಿ ಅದು ಕೋರ್ಟಿಗೆ ಹೋಗಿ, ಅದೇ ವರ್ಷ 6,10,000 ಡಾಲರಿಗೆ ರಾಜಿಯಾಯಿತು. ನಮ್ಮಲ್ಲಿಯೂ 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಹದಿನೆಂಟು ತುಂಬದವರನ್ನೆಲ್ಲ ಮಕ್ಕಳೆಂದೇ ಎಣಿಸಿ, ಹೆತ್ತವರ ಒಪ್ಪಿಗೆಯ ಮಾತನ್ನು ಎತ್ತುತ್ತದೆ. ಹಾಗಾಗಿ ಸಹಿ ಹಾಕುವ ಮೊದಲು ಕೇಳುವುದು ಅಧಿಕಪ್ರಸಂಗವಲ್ಲ. ನನಗೆ ಬಂದ ಉತ್ತರ ‘ಸಾಮಾನ್ಯವಾಗಿ ಇಲ್ಲ’ ಎಂದಿತ್ತು. ಆ ‘ಸಾಮಾನ್ಯವಾಗಿ’ ನನಗೆ ಸಾಲದು.

ಕ್ರೋಮ್‌ಬುಕ್ಕಿನ ಬಗ್ಗೆ ನನ್ನ ಓರಗಿತ್ತಿಗೆ ಬಹಳ ಅಭಿಮಾನ, ಅದರಲ್ಲಿ ತಪ್ಪೇನಿಲ್ಲ. ಮುಚ್ಚಳ ತೆರೆದ ಕೆಲವೇ ಕ್ಷಣಗಳಲ್ಲಿ ಸಿದ್ಧ, ವೈರಸ್ಸಿನ ತಲೆನೋವು ಹೆಚ್ಚುಕಡಿಮೆ ಇಲ್ಲ, ಬ್ಯಾಟರಿ ಸಂಜೆಯವರೆಗೆ ಬರುತ್ತದೆ. ಕನ್ನಡ ಕೀಬೋರ್ಡನ್ನು ನಾನು ಚಹಾ ಕುದಿಯುವಷ್ಟರಲ್ಲಿ ಸೇರಿಸಿದೆ. ಗೂಗಲ್‌ನ ಫ್ಯಾಮಿಲಿ ಲಿಂಕ್ ಆ್ಯಪ್ ಮೂಲಕ ಮಗುವಿನ ಬಳಕೆಯ ಸಮಯವನ್ನು ತಾಯಿ ತನ್ನ ಫೋನಿನಿಂದಲೇ ಹೊಂದಿಸಬಹುದು. ಮಗುವಿನ ಖಾತೆಯ ಜೊತೆಗೆ ಶಾಲೆಯ ಖಾತೆಯನ್ನೂ ಸೇರಿಸಬಹುದು, ಹೆತ್ತವರ ಹತೋಟಿ ಹಾಗೆಯೇ ಉಳಿಯುತ್ತದೆ. ಮೈದುನನ ಮಗ ಐದನೆಯ ತರಗತಿ. ಅವನಿಗೆ ಬೇಕಾದ, ಮಕ್ಕಳಿಗೆ ಪ್ರೋಗ್ರಾಮಿಂಗ್ ಕಲಿಸುವ ಸ್ಕ್ರ್ಯಾಚ್ ಬ್ರೌಸರಿನಲ್ಲೇ ನಡೆಯುತ್ತದೆ. ಅವನಿಗೆ ಇದಕ್ಕಿಂತ ಒಳ್ಳೆಯದು ಬೇಕಿಲ್ಲ.

ನಮ್ಮ ಮಗಳಿಗೆ ಮಾತ್ರ ಒಗ್ಗಲಿಲ್ಲ. ಅವಳ ಶಾಲೆ ಪರೀಕ್ಷೆಗೆ ಬಳಸುವ, ಆ ಹೊತ್ತಿನಲ್ಲಿ ಬೇರೇನೂ ತೆರೆಯದಂತೆ ತಡೆಯುವ ಸೇಫ್ ಎಕ್ಸಾಮ್ ಬ್ರೌಸರ್ ವಿಂಡೋಸ್, ಮ್ಯಾಕ್, ಐಪ್ಯಾಡ್‌ಗಳಲ್ಲಿ ಓಡುತ್ತದೆ, ಕ್ರೋಮ್‌ಬುಕ್ಕಿನಲ್ಲಿ ಇಲ್ಲ. ಮುಂದೆ ಸಿಬಿಎಸ್‌ಇ ಹನ್ನೊಂದು, ಹನ್ನೆರಡರಲ್ಲಿ ಕಂಪ್ಯೂಟರ್ ಸೈನ್ಸ್ ತೆಗೆದುಕೊಂಡರೆ ಪೈಥಾನ್ ಎಂಬ ಪ್ರೋಗ್ರಾಮಿಂಗ್ ಭಾಷೆಯ ಜೊತೆಗೆ ಮೈಎಸ್‌ಕ್ಯೂಎಲ್ ಎಂಬ ದತ್ತಾಂಶಕೋಶದ ತಂತ್ರಾಂಶವೂ ಬೇಕು. ಕ್ರೋಮ್‌ಬುಕ್ಕಿನಲ್ಲಿ ಲಿನಕ್ಸ್ ಎಂಬ ಇನ್ನೊಂದು ಆಪರೇಟಿಂಗ್ ಸಿಸ್ಟಮ್ ತೆರೆದು ಅದನ್ನು ಹಾಕಿಕೊಡುವಷ್ಟು ವ್ಯವಧಾನ ನನಗಿಲ್ಲ. ಕೊಳ್ಳುವವರು ಒಂದನ್ನು ಮರೆಯಬೇಡಿ: ಪ್ರತಿ ಕ್ರೋಮ್‌ಬುಕ್ಕಿಗೂ ಅಪ್‌ಡೇಟ್ ನಿಲ್ಲುವ ತಾರೀಖು ಇರುತ್ತದೆ. 2021ರಿಂದೀಚಿನ ಮಾದರಿಗಳಿಗೆ ಹತ್ತು ವರ್ಷ ಎಂದು ಗೂಗಲ್ 2023ರಲ್ಲಿ ಘೋಷಿಸಿತು. ಆ ಹತ್ತು ವರ್ಷ ಎಣಿಕೆಯಾಗುವುದು ನೀವು ಕೊಂಡ ದಿನದಿಂದಲ್ಲ, ಆ ಮಾದರಿಗೆ ಆಧಾರವಾದ ಹಾರ್ಡ್‌ವೇರ್ ಮೊದಲು ಮಾರುಕಟ್ಟೆಗೆ ಬಂದ ಕಾಲದಿಂದ. ರಿಯಾಯಿತಿಯಲ್ಲಿ ಸಿಗುವ ಹಳೆಯ ದಾಸ್ತಾನನ್ನು ಈ ತಾರೀಖು ನೋಡದೆ ಮುಟ್ಟಬೇಡಿ.

ಟ್ಯಾಬ್ಲೆಟ್‌ಗೆ ಕೀಬೋರ್ಡ್ ಅಂಟಿಸಿ ಕೊಡುವ ಯೋಚನೆಯನ್ನು ಮನೆಯವರು ಮುಂದಿಟ್ಟರು. ಅದು ರೀಲ್ಸ್ ನೋಡುವ ಹಲಗೆಯಾಗುತ್ತದೆ ಎಂದು ಅಲ್ಲಿಗೇ ಕೈಬಿಟ್ಟೆವು.

ಈಗ ಥಿಂಕ್‌ಪ್ಯಾಡ್. 2018ರ ಮಾದರಿ ಎಂದರೆ ಮೂಗು ಮುರಿಯುವವರಿದ್ದಾರೆ. ನಾನು ಅದನ್ನೇ ಹುಡುಕಿಕೊಂಡು ಲ್ಯಾಮಿಂಗ್ಟನ್ ರಸ್ತೆಗೆ ಹತ್ತಿರದ ಗ್ರಾಂಟ್ ರೋಡ್ ಸ್ಟೇಷನ್ನಿನಲ್ಲಿ ಇಳಿದದ್ದಕ್ಕೆ ಕಾರಣ ಬ್ಯಾಟರಿ. ಟಿ480ಗೆ ಒಳಗೊಂದು, ಹೊರಗೊಂದು, ಹೀಗೆ ಎರಡು ಬ್ಯಾಟರಿ; ಹೊರಗಿನದನ್ನು ಯಂತ್ರ ನಿಲ್ಲಿಸದೆಯೇ ಬದಲಿಸಬಹುದು. ತರಗತಿಯಲ್ಲಿ ಚಾರ್ಜಿಗೆ ಹಾಕುವಂತಿಲ್ಲ ಎಂಬ ಷರತ್ತಿಗೆ ಇದಕ್ಕಿಂತ ಸರಿಯಾದ ಉತ್ತರ ಬೇರೆ ಇಲ್ಲ. 3,500 ಕೊಟ್ಟು 72 ವ್ಯಾಟ್-ಅವರ್‌ನ ದೊಡ್ಡ ಬ್ಯಾಟರಿ ಹಾಕಿಸಿದೆ. ತೂಕ ಸ್ವಲ್ಪ ಏರಿತು. 2020ರ ಶಾಲಾ ಚೀಲ ನೀತಿಯ ಪ್ರಕಾರ ಚೀಲ ಮಗುವಿನ ತೂಕದ ಹತ್ತರಲ್ಲೊಂದು ಭಾಗವನ್ನು ಮೀರಬಾರದು. ಚಾರ್ಜರನ್ನು ಮನೆಯಲ್ಲೇ ಬಿಟ್ಟು ಹೋಗುವುದರಿಂದ ಹೇಗೋ ಸರಿಹೋಗಿದೆ.

ವಿಂಡೋಸ್ 10ಕ್ಕೆ ಮಾಮೂಲಿ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ಹಾಗಾಗಿ ಹಳೆಯ ಯಂತ್ರ ಕೊಳ್ಳುವಾಗ ಪ್ರೊಸೆಸರ್ ಇಂಟೆಲ್‌ನ ಎಂಟನೆಯ ತಲೆಮಾರು ಅಥವಾ ಅದಕ್ಕಿಂತ ಹೊಸತು ಎಂದು ಖಚಿತಪಡಿಸಿಕೊಳ್ಳಿ. ಇಲ್ಲದಿದ್ದರೆ ವಿಂಡೋಸ್ 11ಕ್ಕೆ ಅಧಿಕೃತ ಅರ್ಹತೆ ಇಲ್ಲ, ಶಾಲೆಯ ಮೊದಲ ಷರತ್ತಿನಲ್ಲೇ ನಪಾಸು. ಎರಡನೆಯದಾಗಿ, ಇವೆಲ್ಲ ಕಂಪನಿಗಳು ಬಳಸಿ ಬಿಟ್ಟ ಯಂತ್ರಗಳು. ಅಂಗಡಿಯಲ್ಲೇ ಇಂಟರ್ನೆಟ್ಟಿಗೆ ಜೋಡಿಸಿ ವಿಂಡೋಸನ್ನು ಮೊದಲಿನಿಂದ ಹಾಕಿಸಿ ನೋಡಿ. ಯಾವುದೋ ಕಂಪನಿಯ ಹೆಸರು ತೋರಿಸಿ ಲಾಗಿನ್ ಕೇಳಿದರೆ ಅದು ಇನ್ನೂ ಆ ಕಂಪನಿಯ ಹಿಡಿತದಲ್ಲಿದೆ ಎಂದರ್ಥ. ಸುಮ್ಮನೆ ಎದ್ದು ಪಕ್ಕದ ಅಂಗಡಿಗೆ ಹೋಗಿ. ಮೂರನೆಯದು, ಆ ವರ್ಷಗಳ ಥಿಂಕ್‌ಪ್ಯಾಡ್‌ಗಳ ಥಂಡರ್‌ಬೋಲ್ಟ್ ಕಿಂಡಿಗೆ (ಯುಎಸ್‌ಬಿ-ಸಿ ಆಕಾರದ್ದು) ತಯಾರಕರೇ ಬಿಡುಗಡೆ ಮಾಡಿದ ಫರ್ಮ್‌ವೇರ್ (ಆ ಭಾಗವನ್ನು ನಡೆಸುವ ಒಳಗಿನ ತಂತ್ರಾಂಶ) ಅಪ್‌ಡೇಟ್ ಒಂದಿದೆ. ಅದನ್ನು ಮನೆಗೆ ತಂದ ದಿನವೇ ಹಾಕಿಬಿಡಿ, ಚಾರ್ಜಿಂಗ್ ಆ ಕಿಂಡಿಯ ಮೂಲಕವೂ ಆಗುತ್ತದೆ. ಕೀಬೋರ್ಡಿನ ಮೇಲೆ ನೀರು ಚೆಲ್ಲಿದರೆ ಕೆಳಗೆ ಹರಿದುಹೋಗಲು ದಾರಿಯಿದೆ. ಜುಲೈ ತಿಂಗಳಲ್ಲಿ ಡೊಂಬಿವಲಿಯಲ್ಲಿ ನಡೆದು ಶಾಲೆಗೆ ಹೋಗುವ ಮಕ್ಕಳ ಚೀಲ ನೋಡಿದವರಿಗೆ ಇದರ ಬೆಲೆ ಗೊತ್ತು. ಹಾಗೆಂದು ಪ್ಲಾಸ್ಟಿಕ್ ಚೀಲ ಬಿಡಬೇಡಿ.

ಅಡ್ಮಿನ್ ಖಾತೆ ನನ್ನದು, ಮಗಳದು ಸಾಮಾನ್ಯ ಖಾತೆ. ಹೊಸ ತಂತ್ರಾಂಶ ಬೇಕೆಂದರೆ ನನ್ನನ್ನೇ ಕೇಳಬೇಕು. ಈಗ ಐಟಿ ವಿಭಾಗ ಅಡುಗೆಮನೆಯಲ್ಲಿದೆ ಎಂದು ಅವಳು ಗೊಣಗುತ್ತಾಳೆ. ಗೊಣಗಲಿ, ನಮೂನೆ ತುಂಬಿಸುವುದಿಲ್ಲವಲ್ಲ. ಶಾಲೆಯ ಖಾತೆಯನ್ನು ಬ್ರೌಸರಿನ ಬೇರೆಯದೇ ಪ್ರೊಫೈಲಿನಲ್ಲಿ ಇಟ್ಟಿದ್ದೇನೆ. ಇಲ್ಲೊಂದು ಎಚ್ಚರ: ಆಫೀಸ್ ತಂತ್ರಾಂಶಕ್ಕೆ ಶಾಲೆಯ ಖಾತೆಯಿಂದ ಲಾಗಿನ್ ಆಗುವಾಗ, ಈ ಯಂತ್ರವನ್ನು ನಿರ್ವಹಿಸಲು ಸಂಸ್ಥೆಗೆ ಅನುಮತಿ ಕೊಡುವಿರಾ ಎಂಬ ಟಿಕ್ ಗುರುತು ಮೊದಲೇ ಹಾಕಿಕೊಂಡು ಬರುವುದುಂಟು. ಅದನ್ನು ತೆಗೆದು, ಈ ಆ್ಯಪ್‌ಗೆ ಮಾತ್ರ ಎಂಬುದನ್ನು ಆರಿಸಿ. ಆತುರದಲ್ಲಿ ಸರಿ ಎಂದು ಒತ್ತಿದರೆ, ಸ್ವಂತ ದುಡ್ಡಿನ ಯಂತ್ರದ ಕೀಲಿಯನ್ನೂ ಶಾಲೆಗೆ ಕೊಟ್ಟ ಹಾಗಾಗಬಹುದು.

ದುಡ್ಡಿನ ಲೆಕ್ಕ ಸರಳ. ಶಾಲೆಯ ಯೋಜನೆಗೆ ಮೂರು ವರ್ಷಕ್ಕೆ 42,000, ಕೈಯಲ್ಲಿ ಏನೂ ಉಳಿಯುವುದಿಲ್ಲ. ಮೈದುನ ಕ್ರೋಮ್‌ಬುಕ್ಕಿಗೆ ಕೊಟ್ಟದ್ದು 24,000. ನಮ್ಮದು ಬ್ಯಾಟರಿಯೂ ಸೇರಿ 22,500, ಅಂಗಡಿಯವನ ವಾರಂಟಿ ಆರೇ ತಿಂಗಳು. ಮನೆಯಲ್ಲಿ ಯಂತ್ರವನ್ನು ಬಿಚ್ಚಿ ನೋಡುವ ಧೈರ್ಯ ಯಾರಿಗೂ ಇಲ್ಲದಿದ್ದರೆ, ತಾಯಿ ತಂದೆ ಸಂಜೆ ಆರಕ್ಕೆ ಮನೆಯಲ್ಲಿರುವಂತಿದ್ದರೆ, ಶಾಲೆಯ ಯೋಜನೆಯೇ ನಿಮಗೆ ನೆಮ್ಮದಿ ಕೊಡಬಹುದು. ಪಕ್ಕದ ಕಟ್ಟಡದ ಶೆಟ್ಟರು ಅದರಲ್ಲೇ ಮುಂದುವರಿದಿದ್ದಾರೆ, ಅವರಿಗೆ ದೂರಿಲ್ಲ.

ನಾವು ಏಪ್ರಿಲಿನಲ್ಲೇ ಶಾಲೆಯ ಲ್ಯಾಪ್‌ಟಾಪನ್ನು ಮರಳಿಸಿದೆವು. ಚಾರ್ಜರಿನ ವೈರಿನ ಮೇಲೆ ಗೀರು ಇದೆಯೆಂದು ಠೇವಣಿಯ 5,000 ಇನ್ನೂ ಪರಿಶೀಲನೆಯಲ್ಲಿದೆಯಂತೆ. ಅದಕ್ಕೂ ಒಂದು ನಮೂನೆ ಕಳಿಸಿದ್ದಾರೆ.